ಬಸ್ಸು ಕೊಳ್ಳುವುದೋ, ಓಟ ಕೊಳ್ಳುವುದೋ?

ಎರಡನೇ ಮಹಾಯುದ್ಧದ ದಿನಗಳನ್ನು ಕಂಡ ಹಿರಿಯರು ಇದ್ದಿಲು ಬಸ್ಸಿನ ಕಥೆ ಹೇಳುತ್ತಿದ್ದುದುಂಟು. ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸಿನ ಹಿಂಬದಿಗೆ ಒಲೆಯಂಥ ದೊಡ್ಡ ಡ್ರಮ್ಮೊಂದನ್ನು ಜೋಡಿಸಿ, ಅದರಲ್ಲಿ ಇದ್ದಿಲು ಉರಿಸಿ, ಹೊರಬಂದ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರು ಬಹಳ ಹೊತ್ತು ಮುಂಚೆಯೇ ಎದ್ದು, ಗಾಳಿ ಊದುವ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬೆಂಕಿ ಎಬ್ಬಿಸಬೇಕಿತ್ತು. ಏರು ಬಂದಾಗ ಪ್ರಯಾಣಿಕರೇ ಇಳಿದು ತಳ್ಳುವುದೂ ಇತ್ತು. ಯುದ್ಧ ಮುಗಿದು ಪೆಟ್ರೋಲು ಸಲೀಸಾಗಿ ಸಿಗತೊಡಗಿದ ಮೇಲೆ ಆ ಡ್ರಮ್ಮುಗಳು ಗುಜರಿ ಸೇರಿದವು.

ಬಸ್ಸಿನ ಇಂಧನ ಬದಲಾಗುವುದು, ಹಾಗಾದರೆ, ನಮ್ಮ ಕಾಲದ ಹೊಸ ಸಂಗತಿಯೇನಲ್ಲ. ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಅಂದು ಬೇರೆ ದಾರಿಯಿಲ್ಲದೆ ಬದಲಾಯಿಸಿದರು. ಇಂದು ಡೀಸೆಲ್ ಬೇಕಾದಷ್ಟು ಸಿಗುತ್ತಿರುವಾಗಲೇ ಸಾರಿಗೆ ನಿಗಮಗಳು ವಿದ್ಯುತ್ ಬಸ್ಸಿಗೆ ಹೊರಳುತ್ತಿವೆ. ಹೊರಳುವುದಕ್ಕೆ ಸರ್ಕಾರ ಕೈಯಿಂದ ಹಣ ಕೊಡುತ್ತಿದೆ. ಆ ಹಣವನ್ನು ಹೇಗೆ ಕೊಡಬೇಕೆಂಬ ಪ್ರಶ್ನೆಗೆ ಒಂದು ದಶಕದ ಇತಿಹಾಸವಿದೆ. ಅದರಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ.

ಬಾವಿಯ ಲೆಕ್ಕ

ಮೊದಲು ಲೆಕ್ಕವನ್ನು ನೋಡಬೇಕು. ನಗರದ ಡೀಸೆಲ್ ಬಸ್ಸು ಒಂದು ಲೀಟರಿಗೆ ಸುಮಾರು 4 ಕಿಲೋಮೀಟರ್ ಓಡುತ್ತದೆ. ಡೀಸೆಲ್ ಲೀಟರಿಗೆ 90 ರೂಪಾಯಿಯೆಂದು ಹಿಡಿದರೆ ಕಿಲೋಮೀಟರಿಗೆ 22 ರೂಪಾಯಿಗೂ ಹೆಚ್ಚು ಇಂಧನಕ್ಕೇ ಹೋಯಿತು. ವಿದ್ಯುತ್ ಬಸ್ಸು ಅದೇ ದೂರಕ್ಕೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಬಳಸುತ್ತದೆ; ಯೂನಿಟ್ಟಿಗೆ 7 ರೂಪಾಯಿಯಾದರೂ ಖರ್ಚು ಹತ್ತು ರೂಪಾಯಿಯೊಳಗೆ ಮುಗಿಯುತ್ತದೆ. ಆದರೆ ಬಸ್ಸಿನ ಬೆಲೆ ಡೀಸೆಲ್ ಬಸ್ಸಿನ ಎರಡು, ಮೂರು ಪಟ್ಟು. ಅದರಲ್ಲಿ ದೊಡ್ಡ ಪಾಲು ಬ್ಯಾಟರಿಯದು.

ಡೀಸೆಲ್ ಬಸ್ಸು ಎಂದರೆ ದಿನವೂ ಬಿಂದಿಗೆ ಲೆಕ್ಕದಲ್ಲಿ ನೀರು ಕೊಂಡಂತೆ. ವಿದ್ಯುತ್ ಬಸ್ಸು ಎಂದರೆ ಮನೆಯಲ್ಲೇ ಬಾವಿ ತೋಡಿಸಿದಂತೆ. ಹತ್ತು ವರ್ಷದ ಲೆಕ್ಕ ಹಾಕಿದರೆ ಬಾವಿಯೇ ಅಗ್ಗವಾಗಬಹುದು. ಆದರೆ ತೋಡಿಸುವ ದಿನ ಕೈಯಲ್ಲಿ ಗಂಟು ಇರಬೇಕಲ್ಲ! ಸಂಬಳಕ್ಕೂ ಡೀಸೆಲ್ಲಿಗೂ ತಿಂಗಳು ತಿಂಗಳು ತಡಕಾಡುವ ಸಾರಿಗೆ ನಿಗಮದ ಬಳಿ ಆ ಗಂಟು ಇರುವುದಿಲ್ಲ. ಸರ್ಕಾರದ ಸಹಾಯಧನ ಹುಟ್ಟಿದ್ದು ಈ ಕೊರತೆಯನ್ನು ತುಂಬಲು.

ಮೊದಲ ಹೆಜ್ಜೆಗಳು

ವಿದ್ಯುತ್ ವಾಹನಕ್ಕೆ ಬೆಂಗಳೂರು ಹಳೆಯ ನಂಟು. ಚೇತನ್ ಮೈನಿಯವರ ರೇವಾ ಕಾರು 2001ರಲ್ಲಿ ಇಲ್ಲಿಂದಲೇ ರಸ್ತೆಗಿಳಿಯಿತು. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2010ರ ನವೆಂಬರಿನಲ್ಲಿ ವಿದ್ಯುತ್ ವಾಹನ ಕೊಳ್ಳುವವರಿಗೆ ಸಹಾಯಧನ ಪ್ರಕಟಿಸಿತು. 2012ರ ಮಾರ್ಚಿಗೆ ಅದು ನಿಂತುಹೋಯಿತು. ಕೊಡುಗೆ ನಿಂತೊಡನೆ ಮಾರಾಟವೂ ಕುಸಿಯಿತು. ಸಹಾಯಧನ ಬಂದುಹೋಗುವ ಮಳೆಯಂತಾದರೆ ಬೆಳೆ ನಿಲ್ಲುವುದಿಲ್ಲ ಎಂಬುದು ಆಗಲೇ ಕಂಡ ಪಾಠ.

2014ರ ಫೆಬ್ರುವರಿಯಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ, ಎಂದರೆ ಬಿಎಂಟಿಸಿ, ಚೀನಾದ ಬಿವೈಡಿ ಕಂಪೆನಿಯ ಒಂದು ವಿದ್ಯುತ್ ಬಸ್ಸನ್ನು ಪ್ರಯೋಗಾರ್ಥ ಓಡಿಸಿತು. ಮೆಜೆಸ್ಟಿಕ್ ಕಾಡುಗೋಡಿಗಳ ನಡುವೆ ಸದ್ದಿಲ್ಲದೆ, ಹೊಗೆಯಿಲ್ಲದೆ ಸಾಗುತ್ತಿದ್ದ ಆ ಬಸ್ಸನ್ನು ಜನ ಕುತೂಹಲದಿಂದ ಹತ್ತಿದರು. ಪ್ರಯೋಗ ಮುಗಿದು ಬಸ್ಸು ಹೋಯಿತು. ಅದರ ಬೆಲೆಯಲ್ಲಿ ಹಲವು ಡೀಸೆಲ್ ಬಸ್ಸು ಕೊಳ್ಳಬಹುದಾಗಿದ್ದಾಗ ಅಂಥ ಇನ್ನೊಂದನ್ನು ತರುವ ಧೈರ್ಯ ಯಾರಿಗಿತ್ತು?

ಮರುವರ್ಷ, 2015ರ ಏಪ್ರಿಲಿನಲ್ಲಿ, ಕೇಂದ್ರ ಸರ್ಕಾರದ ‘ಫೇಮ್’ ಯೋಜನೆ ಜಾರಿಗೆ ಬಂತು. ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳನ್ನು ಬೇಗ ಬಳಕೆಗೆ ತರುವುದು ಅದರ ಗುರಿ. ಆರಂಭದಲ್ಲಿ ಇಟ್ಟ ಹಣ 795 ಕೋಟಿ ರೂಪಾಯಿ. 2017ರಲ್ಲಿ ಹಿಮಾಚಲದ ಸಾರಿಗೆ ನಿಗಮ ಮನಾಲಿಯಿಂದ ರೋಹ್ತಾಂಗ್ ಕಣಿವೆಯತ್ತ ವಿದ್ಯುತ್ ಬಸ್ಸು ಓಡಿಸಿತು. ಸುಮಾರು 13,000 ಅಡಿ ಎತ್ತರಕ್ಕೆ ಈ ಬಸ್ಸು ಏರಬಲ್ಲದಾದರೆ ಬಯಲು ನಗರಗಳಲ್ಲಿ ಏನು ಅಡ್ಡಿ ಎಂಬ ಮಾತು ಆಗ ಕೇಳಿಬಂತು.

ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ

ಅದೇ 2017ರ ಕೊನೆಗೆ ಫೇಮ್ ಹಣದಲ್ಲಿ ವಿದ್ಯುತ್ ಬಸ್ಸು ಓಡಿಸಲು ದೇಶದ 11 ನಗರಗಳು ಆಯ್ಕೆಯಾದವು. ಬೆಂಗಳೂರೂ ಅವುಗಳಲ್ಲೊಂದು. ಇಲ್ಲಿ ನಗರಗಳ ದಾರಿ ಕವಲೊಡೆಯಿತು.

ಕೋಲ್ಕತ್ತ, ಇಂದೋರ್‌ಗಳು ಬಸ್ಸನ್ನೇ ಕೊಂಡವು. ಬಸ್ಸು ನಿಗಮದ್ದು, ಚಾಲಕ ನಿಗಮದವನು, ಕೆಟ್ಟರೆ ಜವಾಬ್ದಾರಿಯೂ ನಿಗಮದ್ದೇ. ಹೈದರಾಬಾದ್, ಮುಂಬಯಿಗಳು ಇನ್ನೊಂದು ದಾರಿ ಹಿಡಿದವು. ಅಲ್ಲಿ ಬಸ್ಸು ಕಂಪೆನಿಯದೇ. ಬ್ಯಾಟರಿ, ದುರಸ್ತಿ, ಚಾಲಕ ಎಲ್ಲವೂ ಕಂಪೆನಿಯ ಪಾಲಿಗೆ. ನಿಗಮ ಮಾರ್ಗ ಮತ್ತು ವೇಳೆಯನ್ನು ಗೊತ್ತುಮಾಡುತ್ತದೆ, ಟಿಕೆಟ್ ಹಣ ತಾನಿಟ್ಟುಕೊಳ್ಳುತ್ತದೆ, ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ಇಷ್ಟೆಂದು ಕಂಪೆನಿಗೆ ಕೊಡುತ್ತದೆ. ಒಟ್ಟಿನಲ್ಲಿ ನಿಗಮ ಕೊಳ್ಳುವುದು ಬಸ್ಸನ್ನಲ್ಲ, ಓಟವನ್ನು.

ಬೆಂಗಳೂರಿನಲ್ಲಿ ಈ ಎರಡು ದಾರಿಗಳ ನಡುವೆ ಜಗ್ಗಾಟ ನಡೆಯಿತು. ಸಂಸ್ಥೆ ಗುತ್ತಿಗೆಯ ದಾರಿಯಲ್ಲಿ ಟೆಂಡರು ಕರೆದಿತ್ತು. 2018ರಲ್ಲಿ ರಾಜ್ಯದಲ್ಲಿ ಹೊಸ ಸರ್ಕಾರ ಬಂದ ಮೇಲೆ, ಗುತ್ತಿಗೆಗಿಂತ ನೇರವಾಗಿ ಕೊಳ್ಳುವುದೇ ಲೇಸೆಂಬ ವಾದ ಎದ್ದಿತು. ಎರಡು ಕಡೆಯ ವಾದದಲ್ಲೂ ಹುರುಳಿತ್ತು. ಜನರ ಹಣದಿಂದ ಖಾಸಗಿಯವರ ಬಸ್ಸಿಗೆ ಸಹಾಯಧನ ಕೊಟ್ಟು, ವರ್ಷಾನುಗಟ್ಟಲೆ ಬಾಡಿಗೆಯನ್ನೂ ತೆತ್ತು, ಕೊನೆಗೆ ನಿಗಮದ ಕೈಯಲ್ಲಿ ಉಳಿಯುವುದೇನು ಎಂದು ಒಂದು ಪಕ್ಷ ಕೇಳಿತು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆಂದು ಯಾರಿಗೂ ಖಚಿತವಿಲ್ಲದಾಗ ಆ ಹೊರೆಯನ್ನು ಸಾಲದಲ್ಲಿರುವ ನಿಗಮ ಏಕೆ ಹೊರಬೇಕು ಎಂದು ಇನ್ನೊಂದು ಪಕ್ಷ ಕೇಳಿತು. ವಾದ ಮುಗಿಯುವ ಮೊದಲೇ ಯೋಜನೆಯ ಗಡುವು ಮುಗಿಯಿತು. ಫೇಮ್ ಮೊದಲ ಹಂತದ ಹಣದಲ್ಲಿ ಬಿಎಂಟಿಸಿಗೆ ಒಂದು ಬಸ್ಸೂ ಬರಲಿಲ್ಲ. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿ ರೂಪಿಸಿ ದೇಶಕ್ಕೆ ಮೊದಲಿಗನೆನಿಸಿದ್ದ ರಾಜ್ಯದ ರಾಜಧಾನಿಯ ಕಥೆ ಇದು!

ಕೇಂದ್ರದ ತೀರ್ಮಾನ

2019ರ ಏಪ್ರಿಲಿನಲ್ಲಿ ಆರಂಭವಾದ ಫೇಮ್ ಎರಡನೇ ಹಂತ ಈ ವಾದವನ್ನು ತಾನೇ ಬಗೆಹರಿಸಿಬಿಟ್ಟಿತು. ಹಣ 10,000 ಕೋಟಿ ರೂಪಾಯಿಗೆ ಏರಿತು. 7,090 ಬಸ್ಸುಗಳ ಗುರಿ ಇಡಲಾಯಿತು. ಆದರೆ ಬಸ್ಸಿನ ಸಹಾಯಧನ ಓಟ ಕೊಳ್ಳುವ ನಿಗಮಗಳಿಗೆ ಮಾತ್ರ ಎಂಬ ಷರತ್ತು ಬಂತು. ಬ್ಯಾಟರಿಯ ಪ್ರತಿ ಯೂನಿಟ್ ಸಾಮರ್ಥ್ಯಕ್ಕೆ 20,000 ರೂಪಾಯಿ; ದೊಡ್ಡ ಬಸ್ಸಿಗೆ ಗರಿಷ್ಠ 55 ಲಕ್ಷ, ನಡುವಿನದಕ್ಕೆ 45 ಲಕ್ಷ, ಸಣ್ಣದಕ್ಕೆ 35 ಲಕ್ಷ.

ಹಣ ಕೊಡುವಾಗ ಇಷ್ಟು ಎಚ್ಚರ ಏಕೆ ಎಂಬುದಕ್ಕೆ ನೆರೆಯ ಚೀನಾದ ಅನುಭವ ಉತ್ತರ ಹೇಳುತ್ತದೆ. ಅಲ್ಲಿ 2009ರಿಂದಲೇ ನಗರಗಳ ಬಸ್ಸು, ಟ್ಯಾಕ್ಸಿಗಳಿಗೆ ಧಾರಾಳವಾಗಿ ಸಹಾಯಧನ ಹರಿಯಿತು. ಶೆಂಜೆನ್ ನಗರ 2017ರ ಕೊನೆಯ ವೇಳೆಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳೆಲ್ಲವನ್ನೂ ವಿದ್ಯುತ್ತಿಗೆ ಬದಲಾಯಿಸಿ ಜಗತ್ತನ್ನು ಬೆರಗುಗೊಳಿಸಿತು. ಆದರೆ ಅದೇ ಹಣಕ್ಕೆ ಕಳ್ಳದಾರಿಗಳೂ ಹುಟ್ಟಿಕೊಂಡಿದ್ದವು. ಐದು ಕಂಪೆನಿಗಳು ಸೇರಿ ಸುಮಾರು 100 ಕೋಟಿ ಯುವಾನಿನಷ್ಟು ಸಹಾಯಧನವನ್ನು ಸುಳ್ಳು ಲೆಕ್ಕದಿಂದ ಎಳೆದುಕೊಂಡಿದ್ದನ್ನು ಅಲ್ಲಿನ ಹಣಕಾಸು ಸಚಿವಾಲಯವೇ 2016ರಲ್ಲಿ ಬಯಲಿಗೆಳೆಯಿತು. ಬಸ್ಸು ಕಾಗದದ ಮೇಲೆ ತಯಾರಾಗಿತ್ತು, ರಸ್ತೆಯಲ್ಲಿ ಓಡುತ್ತಿರಲಿಲ್ಲ. ಅದಾದ ಮೇಲೆ ಸಂಸ್ಥೆಗಳ ವಾಹನಗಳು 30,000 ಕಿಲೋಮೀಟರ್ ಓಡಿದ್ದನ್ನು ತೋರಿಸಿದರೆ ಮಾತ್ರ ಹಣ ಎಂಬ ನಿಯಮ ಬಂತು. ವಾಹನಕ್ಕೆ ಕೊಟ್ಟ ಹಣ ಓಟವಾಗಿ ಮಾರ್ಪಡುವುದೆಂಬ ಖಾತರಿಯಿಲ್ಲ ಎಂಬುದನ್ನು ಚೀನಾವೂ ಹೀಗೆ ಬೆಲೆ ತೆತ್ತು ಕಲಿಯಿತು.

ಬೆಂಗಳೂರಿಗೆ ಬಸ್ಸು ಬಂದದ್ದು 2021ರ ಡಿಸೆಂಬರಿನಲ್ಲಿ. ಸ್ಮಾರ್ಟ್ ಸಿಟಿ ಹಣದ ನೆರವಿನಿಂದ, ಮೆಟ್ರೊ ನಿಲ್ದಾಣಗಳಿಗೆ ಜನರನ್ನು ಮುಟ್ಟಿಸುವ 90 ಸಣ್ಣ ಬಸ್ಸುಗಳ ಯೋಜನೆ ಆಗ ಚಾಲನೆ ಪಡೆಯಿತು. 2022ರ ಆಗಸ್ಟಿನಿಂದ ಫೇಮ್ ಎರಡನೇ ಹಂತದ 300 ದೊಡ್ಡ ಬಸ್ಸುಗಳ ಸರದಿ. ಎರಡೂ ಓಟದ ಗುತ್ತಿಗೆಯವೇ.

ಸಗಟು ವ್ಯಾಪಾರ

ಸಂತೆಯಲ್ಲಿ ಒಂದು ಕೊಬ್ಬರಿಗೆ ಒಂದು ಬೆಲೆ, ಮೂಟೆಗೆ ಇನ್ನೊಂದು ಬೆಲೆ. ಈ ಸರಳ ತತ್ತ್ವವನ್ನು ಬಸ್ಸಿಗೆ ಅನ್ವಯಿಸಿದ್ದು ಕೇಂದ್ರದ ಸಿಇಎಸ್ಎಲ್ ಸಂಸ್ಥೆ. ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ನಗರಗಳ ಬೇಡಿಕೆಯನ್ನು ಒಟ್ಟುಗೂಡಿಸಿ 2022ರಲ್ಲಿ 5,450 ಬಸ್ಸುಗಳಿಗೆ ಒಂದೇ ಟೆಂಡರು ಕರೆಯಿತು. 12 ಮೀಟರ್ ಬಸ್ಸಿಗೆ ಕಿಲೋಮೀಟರಿಗೆ 43.49 ರೂಪಾಯಿಯಷ್ಟು, 9 ಮೀಟರಿನದಕ್ಕೆ 39.21 ರೂಪಾಯಿಯಷ್ಟು ಕಡಿಮೆ ದರ ಬಂತು. ಅತಿ ಕಡಿಮೆ ದರ ಕೂಗಿದ್ದು ಟಾಟಾ ಮೋಟರ್ಸ್. ಬೆಂಗಳೂರಿನ ಪಾಲು 921 ಬಸ್ಸು. ಮೊದಲ ನೂರಕ್ಕೆ 2023ರ ಡಿಸೆಂಬರಿನಲ್ಲಿ ವಿಧಾನಸೌಧದ ಮುಂದೆ ಹಸಿರು ಬಾವುಟ ತೋರಿಸಲಾಯಿತು.

ಆಗ ಹೊಸ ತೊಡಕೊಂದು ಎದುರಾಯಿತು. ಕಂಪೆನಿ ಸಾಲ ಮಾಡಿ ಬಸ್ಸು ತರುತ್ತದೆ. ನಿಗಮ ತಿಂಗಳಿಗೆ ಸರಿಯಾಗಿ ಓಟದ ಹಣ ಕೊಟ್ಟರೆ ಮಾತ್ರ ಆ ಸಾಲ ತೀರುತ್ತದೆ. ಸ್ವಂತ ನೌಕರರ ಬಾಕಿಯನ್ನೇ ತೀರಿಸಲು ಒದ್ದಾಡುವ ನಿಗಮಗಳನ್ನು ನಂಬಿ ಹತ್ತು ಹನ್ನೆರಡು ವರ್ಷದ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಸಹಾಯಧನವಿದ್ದರೂ ಸಾಲ ಹುಟ್ಟದ ಸ್ಥಿತಿ! 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಇದಕ್ಕೆಂದೇ ಸುಮಾರು 3,435 ಕೋಟಿ ರೂಪಾಯಿಯ ಖಾತರಿ ನಿಧಿಯನ್ನು ಒಪ್ಪಿತು. 38,000ಕ್ಕೂ ಹೆಚ್ಚು ಬಸ್ಸುಗಳಿಗೆ ಅದರ ಆಸರೆ. ನಿಗಮ ಹಣ ಕೊಡದಿದ್ದರೆ ಈ ನಿಧಿಯಿಂದ ಕಂಪೆನಿಗೆ ಪಾವತಿ. ಆಮೇಲೆ ರಾಜ್ಯದಿಂದ ವಸೂಲಿ. ಸರ್ಕಾರದ ಹಣ ಈಗ ಬಸ್ಸಿನ ಬೆಲೆಗಷ್ಟೇ ಅಲ್ಲ, ಕೊಟ್ಟ ಮಾತಿಗೆ ಜಾಮೀನಾಗಿಯೂ ನಿಂತಿತು.

ಅದೇ ತಿಂಗಳು ಫೇಮ್ ಜಾಗಕ್ಕೆ ‘ಪಿಎಂ ಇ-ಡ್ರೈವ್’ ಬಂತು. ಅದರ 10,900 ಕೋಟಿ ರೂಪಾಯಿಯಲ್ಲಿ 4,391 ಕೋಟಿ ಬಸ್ಸುಗಳಿಗೆ ಮೀಸಲು. 2025ರ ಮೇ ತಿಂಗಳಲ್ಲಿ ಐದು ನಗರಗಳಿಗೆ ಹಂಚಿದ 10,900 ಬಸ್ಸುಗಳ ಪೈಕಿ ಬೆಂಗಳೂರಿಗೆ ಸಿಕ್ಕಿದ್ದು 4,500. ಅತಿ ದೊಡ್ಡ ಪಾಲು. ಒಮ್ಮೆ ಬಂದ ಹಣವನ್ನು ಬಳಸಲಾಗದಿದ್ದ ನಗರವೇ ಈಗ ಸಾಲಿನ ಮುಂದೆ ನಿಂತಿದೆ.

ಸ್ಟಿಯರಿಂಗ್ ಹಿಡಿದವರು

ಇಷ್ಟಾದರೂ 2018ರ ಪ್ರಶ್ನೆ ಅಳಿದಿಲ್ಲ. ವಿದ್ಯುತ್ ಬಸ್ಸಿನ ಕಂಡಕ್ಟರು ಬಿಎಂಟಿಸಿಯ ನೌಕರ, ಚಾಲಕ ಕಂಪೆನಿಯವನು. ಒಂದೇ ಬಸ್ಸಿನಲ್ಲಿ ದುಡಿಯುವ ಇಬ್ಬರಿಗೆ ಎರಡು ಯಜಮಾನರು, ಎರಡು ಬಗೆಯ ಸಂಬಳ. ವೇತನ, ಸೌಲಭ್ಯಗಳ ವಿಚಾರವಾಗಿ ಈ ಚಾಲಕರು ಬೆಂಗಳೂರಿನಲ್ಲಿ ಮುಷ್ಕರ ಹೂಡಿದ್ದೂ ಉಂಟು. ಅಂಥ ದಿನ ನಿಲ್ದಾಣದಲ್ಲಿ ಕಾದು ನಿಂತವರಿಗೆ ನಿಗಮ, ಕಂಪೆನಿ ಎಂಬ ಭೇದ ತಿಳಿಯುವುದಿಲ್ಲ. ಬಸ್ಸು ಬರಲಿಲ್ಲ ಎಂಬುದಷ್ಟೇ ಗೊತ್ತು. ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಡಿಪೊ ಮೆಕ್ಯಾನಿಕ್ಕುಗಳ ಕೈಗೆ ಹೊಸ ಬಸ್ಸಿನ ಕೆಲಸ ಬರುವುದಿಲ್ಲ. ಹೊಸ ವಿದ್ಯೆ ಬೆಳೆಯುತ್ತಿರುವುದು ಕಂಪೆನಿಗಳಲ್ಲಿ.

ಇತಿಹಾಸ ಇಲ್ಲಿ ಒಂದು ಸುತ್ತು ಬಂದಿದೆ. 1940ರಲ್ಲಿ ಬೆಂಗಳೂರಿಗೆ ಬಸ್ಸು ತಂದದ್ದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪೆನಿ ಎಂಬ ಖಾಸಗಿ ಸಂಸ್ಥೆ. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಬಸ್ಸು ಲಾಭದ ಸರಕಲ್ಲ, ಊರಿನ ಅಗತ್ಯ ಎಂಬ ನಂಬಿಕೆ ಅದರ ಹಿಂದಿತ್ತು. ಮಂದಿಯ ಬಾಯಲ್ಲಿ ಬಿಟಿಎಸ್ ಆಗಿದ್ದ ಆ ಸಂಸ್ಥೆಯೇ 1997ರಲ್ಲಿ ಬಿಎಂಟಿಸಿಯಾಯಿತು. ಈಗ ಡಿಪೊದ ನೆಲ, ಮಾರ್ಗ, ಟಿಕೆಟ್ ದರ ಸರ್ಕಾರದ ಬಳಿ ಉಳಿದಿವೆ. ಬಸ್ಸೂ ಚಾಲಕನೂ ಮತ್ತೆ ಖಾಸಗಿಯತ್ತ ಹೊರಳಿದ್ದಾರೆ. ಬ್ಯಾಟರಿ ದುಬಾರಿಯೂ ಅಪರಿಚಿತವೂ ಆಗಿದ್ದ ಕಾಲಕ್ಕೆ ಇದು ಸರಿಯಾದ ಎಚ್ಚರವೇ ಇರಬಹುದು. ಆದರೆ ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿದೆ, ಅದರ ಗುಣದೋಷಗಳೂ ಈಗ ತಿಳಿದಿವೆ.

ಇಂದಿನ ಗುತ್ತಿಗೆಗಳು 2030ರ ದಶಕದಲ್ಲಿ ಒಂದೊಂದಾಗಿ ಮುಗಿಯುತ್ತವೆ. ಆಗ ಮತ್ತೆ ಓಟವನ್ನೇ ಕೊಳ್ಳುವುದೋ, ಬಸ್ಸನ್ನೇ ಕೊಂಡು ತಾವೇ ನಡೆಸುವುದೋ ಎಂದು ನಿಗಮಗಳು ಇನ್ನೊಮ್ಮೆ ತೀರ್ಮಾನಿಸಬೇಕಾಗುತ್ತದೆ. ಹಾಗೆ ತೀರ್ಮಾನಿಸುವ ಹೊತ್ತಿಗೆ ಬಸ್ಸನ್ನು ಬಲ್ಲ ಚಾಲಕರೂ ಮೆಕ್ಯಾನಿಕ್ಕುಗಳೂ ತಮ್ಮ ಮನೆಯಲ್ಲಿಯೇ ಇರಬೇಕಾದರೆ, ಅವರಿಗೆ ಕಲಿಸುವ ಕೆಲಸ ಈಗಲೇ ಆರಂಭವಾಗಬೇಕು. ಸಹಾಯಧನದ ಒಂದು ಸಣ್ಣ ಪಾಲನ್ನು ಅದಕ್ಕೆ ತೆಗೆದಿಟ್ಟರೆ ನಷ್ಟವೇನೂ ಆಗದು.