ತೆಳು ಪೊರೆಯ ಮರುಹುಟ್ಟು

ನಲವತ್ತೈದು ವರ್ಷ ಅಟ್ಟದ ಮೇಲೆ ಮಲಗಿದ್ದ ಹಳೆಯ ಹೆಡ್‌ಫೋನ್ ಒಂದನ್ನು ಕೆಳಗಿಳಿಸಿ ಕಿವಿಗೆ ಹಾಕಿಕೊಂಡರೆ ಮೊದಲು ಸಿಗುವುದು ಸಂಗೀತವಲ್ಲ, ಕರಿಯ ಪುಡಿ! ಒಳಗಿದ್ದ ಫೋಮ್ ಕಾಲಾಂತರದಲ್ಲಿ ಸತ್ವ ಕಳೆದುಕೊಂಡು ಅಂಟಂಟಾಗಿ ಉದುರುತ್ತದೆ. ಕಿವಿ, ಕೆನ್ನೆ, ಅಂಗಿಯ ಕಾಲರ್ ಎಲ್ಲಕ್ಕೂ ಮಸಿ. ಬಹುತೇಕ ಜನ ಅದನ್ನು ಅಲ್ಲೇ ಗುಜರಿಗೆ ಹಾಕುತ್ತಾರೆ. ಆದರೆ ಇಂಥದ್ದೇ ಬೇಕೆಂದು ಹುಡುಕಿ ಕೊಳ್ಳುವ, ಕೊಂಡ ಕೂಡಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಹವ್ಯಾಸಿಗಳ ಸಣ್ಣದೊಂದು ಬಳಗ ಜಪಾನ್, ಅಮೆರಿಕ, ಯೂರೋಪುಗಳಲ್ಲಿ ಹರಡಿಕೊಂಡಿದೆ. ಅವರ ಕಣ್ಣು ಎಲ್ಲ ಹೆಡ್‌ಫೋನ್‌ಗಳ ಮೇಲೂ ಇಲ್ಲ. 'ಪ್ಲೇನಾರ್ ಮ್ಯಾಗ್ನೆಟಿಕ್' ಎಂಬ ಒಂದು ಜಾತಿಯ ಮೇಲೆ ಮಾತ್ರ.

ಏನಿದು? ಮೊದಲು ಸಾಮಾನ್ಯ ಹೆಡ್‌ಫೋನ್ ಹೇಗೆ ಹಾಡುತ್ತದೆಂಬುದನ್ನು ನೋಡೋಣ. ಅದರಲ್ಲಿ ಸಣ್ಣದೊಂದು ಪೊರೆ ಇರುತ್ತದೆ. ಪೊರೆಯ ಬೆನ್ನಿಗೆ ತಂತಿಯ ಸುರುಳಿಯೊಂದನ್ನು ಅಂಟಿಸಿ, ಆ ಸುರುಳಿಯನ್ನು ಅಯಸ್ಕಾಂತದ ಸೀಳಿನೊಳಗೆ ಇಳಿಬಿಟ್ಟಿರುತ್ತಾರೆ. ವಿದ್ಯುತ್ ಹರಿದಾಗ ಸುರುಳಿ ಹಿಂದೆ ಮುಂದೆ ಓಡುತ್ತದೆ, ಪೊರೆಯನ್ನೂ ತನ್ನೊಂದಿಗೆ ಎಳೆದಾಡುತ್ತದೆ. ತಳ್ಳುವುದು ಒಂದು ಕಡೆ, ಅಲುಗಬೇಕಾದ್ದು ಇಡೀ ಪೊರೆ! ಜಮಖಾನೆಯ ಒಂದು ತುದಿ ಹಿಡಿದು ಕೊಡವಿದರೆ ಇನ್ನೊಂದು ತುದಿ ತುಸು ತಡವಾಗಿ ಏಳುವುದಿಲ್ಲವೇ, ಹಾಗೆ ಪೊರೆಯ ಅಂಚು ಕೆಲವು ಸ್ವರಗಳಿಗೆ ತನ್ನದೇ ತಾಳ ಹಾಕುತ್ತದೆ.

ಪ್ಲೇನಾರ್ ಹೆಡ್‌ಫೋನಿನಲ್ಲಿ ಸುರುಳಿಯೇ ಪೊರೆಯ ಮೇಲೆ ಹಾಸಿಕೊಂಡಿರುತ್ತದೆ. ಕೂದಲೆಳೆಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಅದರ ಮೈತುಂಬ ರಂಗೋಲಿಯ ಎಳೆಯಂತೆ ಲೋಹದ ಗೆರೆ. ಹಾಳೆಯ ಆಚೆಗೊಂದು ಈಚೆಗೊಂದು ತೂತುಗಳುಳ್ಳ ಚಪ್ಪಟೆ ಅಯಸ್ಕಾಂತ. ಗೆರೆಯಲ್ಲಿ ವಿದ್ಯುತ್ ಹರಿದರೆ ಹಾಳೆಯ ಮೂಲೆಮೂಲೆಗೂ ಏಕಕಾಲಕ್ಕೆ ತಳ್ಳು ಸಿಗುತ್ತದೆ. ಹಗುರವಾದ ಹಾಳೆ ಬೇಗ ಕದಲುತ್ತದೆ, ಬೇಗ ನಿಲ್ಲುತ್ತದೆ. ತಂಬೂರಿಯ ಮೀಟು ಕರಗುವ ಕೊನೆಯ ಎಳೆಯನ್ನೂ ಕೇಳಿಸಬಲ್ಲದೆಂದು ಅಭಿಮಾನಿಗಳು ಹೊಗಳುವುದು ಇದರಿಂದಾಗಿಯೇ.

ಈ ಉಪಾಯ ಹೊಸತೇನಲ್ಲ. ಜರ್ಮನಿಯ ಸೀಮೆನ್ಸ್ ಸಂಸ್ಥೆಯಲ್ಲಿ ಹಾನ್ಸ್ ರೀಗರ್ 1920ರ ದಶಕದಲ್ಲೇ 'ಬ್ಲಾಟ್‌ಹಾಲರ್' ಎಂಬ ಚಪ್ಪಟೆ ಪೊರೆಯ ಧ್ವನಿವರ್ಧಕವನ್ನು ರೂಪಿಸಿದ್ದ. ಅದು ಬಯಲಿನ ಸಭೆಗಳಿಗೆ ತಕ್ಕ ದೈತ್ಯ. ಅದೇ ತತ್ವವನ್ನು ಕಿವಿಯ ಅಳತೆಗೆ ಇಳಿಸಲು ತೆಳು ಪಾಲಿಯೆಸ್ಟರ್ ಹಾಳೆ, ಅಗ್ಗದ ಫೆರೈಟ್ ಅಯಸ್ಕಾಂತ, ಹಾಳೆಯ ಮೇಲೆ ಲೋಹದ ಗೆರೆ ಮೂಡಿಸುವ ವಿದ್ಯೆ, ಮೂರೂ ಬೇಕಿತ್ತು. ಎರಡನೆಯ ಮಹಾಯುದ್ಧದ ನಂತರ ಅವು ಒಂದೊಂದಾಗಿ ಒದಗಿಬಂದವು. ಅಮೆರಿಕದಲ್ಲಿ ತ್ರೀಎಂ ಕಂಪೆನಿಯ ಎಂಜಿನಿಯರ್ ಆಗಿದ್ದ ಜಿಮ್ ವೈನಿ 1969ರಲ್ಲಿ ಮ್ಯಾಗ್ನೆಪ್ಯಾನ್ ಕಂಪೆನಿ ಕಟ್ಟಿ, ತೆರೆಯಂತೆ ನಿಲ್ಲುವ ಚಪ್ಪಟೆ ಸ್ಪೀಕರುಗಳನ್ನು ಮಾರತೊಡಗಿದ. ಇಂಗ್ಲೆಂಡಿನ ವಾರ್ಫ್‌ಡೇಲ್ 1970ರ ದಶಕದಲ್ಲಿ ಇದೇ ಜಾತಿಯ ಹೆಡ್‌ಫೋನಿಗೆ 'ಐಸೊಡೈನಮಿಕ್' ಎಂದು ಹೆಸರಿಟ್ಟಿತು. ಜಪಾನಿನ ಯಮಹಾ 'ಆರ್ಥೊಡೈನಮಿಕ್' ಎಂದಿತು, ಫಾಸ್ಟೆಕ್ಸ್ 'ರೆಗ್ಯುಲರ್ ಫೇಸ್' ಎಂದಿತು. ದೇವನೊಬ್ಬ ನಾಮ ಹಲವು!

ಇವುಗಳಲ್ಲಿ ಸಂಗ್ರಾಹಕರ ಮನೆದೇವರು ಯಮಹಾದ ಎಚ್‌ಪಿ-1. 1976ರಲ್ಲಿ ಬಂದ ಈ ಹೆಡ್‌ಫೋನಿನ ರೂಪ ಬಿಡಿಸಿದವನು ಇಟಲಿಯ ವಾಸ್ತುಶಿಲ್ಪಿ ಮಾರಿಯೊ ಬೆಲಿನಿ. ಒಲಿವೆಟ್ಟಿ ಕಂಪೆನಿಗಾಗಿ ರಬ್ಬರ್ ಹೊದಿಕೆಯ ಲೆಕ್ಕದ ಯಂತ್ರವನ್ನು ರೂಪಿಸಿದಾತನೂ ಇವನೇ. ಎಚ್‌ಪಿ-1ರಲ್ಲಿ ಅಲಂಕಾರವೇ ಇಲ್ಲ. ಮೇಲೊಂದು ತೆಳು ಕಮಾನು, ಅದರಡಿ ನೆತ್ತಿಯ ಮೇಲೆ ಕೂರುವ ಮೆತ್ತನೆಯ ಪಟ್ಟಿ, ಎರಡು ದುಂಡನೆಯ ಬಟ್ಟಲು. ತಲೆಯ ಅಳತೆಗೆ ಪಟ್ಟಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ಒಳಗೆ ದುಂಡು ಹಾಳೆಯ ಮೇಲೆ ಸುತ್ತಿಕೊಂಡು ಹೋಗುವ ಲೋಹದ ಗೆರೆ, ಇಬ್ಬದಿಯಲ್ಲೂ ಬಿಲ್ಲೆಯಂಥ ಅಯಸ್ಕಾಂತ. ಹಳೆಯ ವಸ್ತುವನ್ನು ಚೆಂದಕ್ಕೆ ಕೊಳ್ಳುವವರೂ ಕಿವಿಗೆಂದು ಕೊಳ್ಳುವವರೂ ಇದಕ್ಕಾಗಿ ಪೈಪೋಟಿಗೆ ಬೀಳುವುದರಿಂದ ಬೆಲೆ ಇಳಿಯುವ ಮಾತೇ ಇಲ್ಲ.

ಇಷ್ಟೆಲ್ಲ ಒಳ್ಳೆಯದಿದ್ದ ಮೇಲೆ ಅದು ಮರೆಯಾದದ್ದೇಕೆ? ಉತ್ತರ 1979ರ ಜುಲೈ 1ರಂದು ಅಂಗಡಿಗೆ ಬಂತು. ಸೋನಿ ವಾಕ್‌ಮನ್! ಅಲ್ಲಿಯವರೆಗೆ ಹೆಡ್‌ಫೋನ್ ಎಂದರೆ ಮನೆಯ ಕುರ್ಚಿಯಲ್ಲಿ ಕೂತು ದೊಡ್ಡ ಸ್ಟೀರಿಯೊಗೆ ಸಿಕ್ಕಿಸಿಕೊಳ್ಳುವ ವಸ್ತು. ಪ್ಲೇನಾರ್ ಪೊರೆಗೆ ಭಾರದ ಅಯಸ್ಕಾಂತ ಬೇಕು, ಸದ್ದು ಹೊರಡಿಸಲು ಹೆಚ್ಚು ವಿದ್ಯುತ್ತೂ ಬೇಕು. ಮನೆಯ ಆಂಪ್ಲಿಫೈಯರಿಗೆ ಅದೊಂದು ಹೊರೆಯಲ್ಲ. ಆದರೆ ವಾಕ್‌ಮನ್ ನಡೆಯುತ್ತಿದ್ದುದು ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆ. ಅದರ ಜೊತೆಗೆ ಸೋನಿ ಕೊಟ್ಟ ಹೆಡ್‌ಫೋನಿನ ತೂಕ ಸುಮಾರು 50 ಗ್ರಾಂ. ಸಂಗೀತ ಕುರ್ಚಿ ಬಿಟ್ಟು ಬೀದಿಗಿಳಿದ ಮೇಲೆ ಕುರ್ಚಿಯ ಹೆಡ್‌ಫೋನನ್ನು ಕೇಳುವವರಾರು? 1980ರ ದಶಕ ಮುಗಿಯುವ ಹೊತ್ತಿಗೆ ಈ ಸಂತತಿ ಬಹುಮಟ್ಟಿಗೆ ಅಳಿದಿತ್ತು. ಆ ದಶಕದಲ್ಲೂ ಸೋವಿಯತ್ ಒಕ್ಕೂಟದ ಕಾರ್ಖಾನೆಗಳು ಟಿಡಿಎಸ್-5, ಟಿಡಿಎಸ್-7ರಂಥ ಮಾದರಿಗಳನ್ನು ಮಾಡುತ್ತಿದ್ದವು. ಇಂದು ಅವಕ್ಕೂ ಸಂಗ್ರಾಹಕರಿದ್ದಾರೆ. ಹಟ ಬಿಡದೆ ಉಳಿದದ್ದು ಫಾಸ್ಟೆಕ್ಸ್‌ನ ಟಿ50ಆರ್‌ಪಿ. ರೆಕಾರ್ಡಿಂಗ್ ಸ್ಟುಡಿಯೊಗಳಿಗೆಂದು ಮಾಡಿದ, ನೋಡಲು ಸಾದಾ ಕಪ್ಪು ಪ್ಲಾಸ್ಟಿಕ್ಕಿನ ಕೆಲಸಗಾರ ಅದು.

ಹವ್ಯಾಸಿಗಳ ಕೈಚಳಕ ಶುರುವಾಗುವುದು ಇಲ್ಲಿಂದ. ಪ್ಲೇನಾರ್ ಪೊರೆಗೆ ಒಂದು ದೋಷವಿದೆ: ಹಗುರವಾದ್ದರಿಂದ ಕಡಿವಾಣವಿಲ್ಲದಿದ್ದರೆ ಕೆಲವು ಸ್ವರಗಳಿಗೆ ಅತಿಯಾಗಿ ಕುಣಿಯುತ್ತದೆ. ಅದಕ್ಕಾಗಿ ಬೆನ್ನ ಹಿಂದೆ ತೆಳು ಫೆಲ್ಟ್ ಬಟ್ಟೆಯನ್ನೋ ಕಾಗದವನ್ನೋ ಇಟ್ಟು ಗಾಳಿಯ ಓಡಾಟವನ್ನು ಬಿಗಿ ಮಾಡುತ್ತಾರೆ. ಬಟ್ಟೆ ದಪ್ಪವಾದರೆ ಮೃದಂಗ ಸತ್ತಂತೆ ಕೇಳುತ್ತದೆ, ತೆಳುವಾದರೆ ತಾಳದ ಝಲ್ ಕಿವಿ ಕೊರೆಯುತ್ತದೆ. ಟಿ50ಆರ್‌ಪಿಯ ಬಟ್ಟಲಿನ ಗೋಡೆಗೆ ಮಕ್ಕಳು ಆಡುವ ಮೇಣದಂಥ ಜೇಡಿಯನ್ನು ಮೆತ್ತುತ್ತಾರೆ, ಪ್ಲಾಸ್ಟಿಕ್ ತಾನೂ ಗುಂಯ್‌ಗುಡದಿರಲಿ ಎಂದು. ಹತ್ತಿ ತುಂಬುತ್ತಾರೆ, ಗಾಳಿಕಂಡಿಗಳಿಗೆ ಟೇಪು ಹಚ್ಚುತ್ತಾರೆ. ಕಿವಿದಿಂಬು ಬದಲಿಸಿದರಂತೂ ಧ್ವನಿಯೇ ಬೇರೆ: ದಿಂಬು ಸವೆದು ಗಾಳಿ ಸೋರಿದರೆ ಮಂದ್ರ ಸ್ವರಗಳು ಮೊದಲು ಮಾಯವಾಗುತ್ತವೆ. ಹಾಳೆಯ ಮೇಲಿನ ಗೆರೆ ತುಂಡಾದಲ್ಲಿ ಬೆಳ್ಳಿ ಬೆರೆಸಿದ, ವಿದ್ಯುತ್ ಹರಿಯುವ ಬಣ್ಣದ ಒಂದು ಹನಿಯಿಟ್ಟು ಜೋಡಿಸಲು ನೋಡುತ್ತಾರೆ. ಕೈ ನಡುಗಿತೋ, ಹಾಳೆ ಹರಿಯಿತು. ಬದಲಿ ಭಾಗ ಸಿಗುವುದು ಇನ್ನೊಂದು ಹಳೆಯ ಹೆಡ್‌ಫೋನಿನ ಹೊಟ್ಟೆಯಲ್ಲಿ ಮಾತ್ರ. ಎರಡನ್ನು ಬಿಚ್ಚಿ ಒಂದು ಮಾಡಿದಾಗಲೆಲ್ಲ ಜಗತ್ತಿನಲ್ಲಿ ಉಳಿದವುಗಳ ಸಂಖ್ಯೆ ಒಂದು ಕಡಿಮೆ.

ಈ ಲೆಕ್ಕವೇ ಬಳಗವನ್ನು ಎರಡು ಪಂಗಡ ಮಾಡಿದೆ. ಮುಟ್ಟಬೇಡಿ, ಬೆಲಿನಿ ಮಾಡಿಟ್ಟಂತೆಯೇ ಉಳಿಯಲಿ ಎನ್ನುವವರು ಒಂದೆಡೆ. ಕೇಳಲಾಗದ ಹೆಡ್‌ಫೋನ್ ಬರೀ ಪ್ಲಾಸ್ಟಿಕ್ಕು ಎನ್ನುವವರು ಇನ್ನೊಂದೆಡೆ. ಮೊದಲಿನವರ ವಾದ ಮೇಲ್ನೋಟಕ್ಕೆ ಗೌರವದ್ದು. ಆದರೆ ಫೋಮ್ ಪುಡಿಯಾದ ದಿನವೇ 1976ರ ಧ್ವನಿ ಹೋಗಿಬಿಟ್ಟಿದೆಯಲ್ಲ! ಮುಟ್ಟದೆ ಇಟ್ಟರೆ ಉಳಿಯುವುದು ಆಕಾರ ಮಾತ್ರ. ವೀಣೆಯ ಮೇಣ ಒಣಗಿ ಮೆಟ್ಟಿಲು ಕದಲಿದರೆ ಹೊಸ ಮೇಣ ಹಾಕಿಸುತ್ತೇವೆ, ವೀಣೆ ಬದಲಾಯಿತೆಂದು ಯಾರೂ ಅಳುವುದಿಲ್ಲ. ಹಾಗೆಂದು ಎಲ್ಲ ರಿಪೇರಿಯೂ ಒಂದೇ ಅಲ್ಲ. ಫೆಲ್ಟ್, ಟೇಪು, ದಿಂಬು ಇವನ್ನು ನಾಳೆ ತೆಗೆದುಹಾಕಬಹುದು. ಬಟ್ಟಲಿಗೆ ಡ್ರಿಲ್ ಮಾಡಿದ ತೂತನ್ನು ಮುಚ್ಚುವವರಾರು? ಎಚ್‌ಪಿ-1ಕ್ಕೆ ತೂತು ಕೊರೆಯುವುದು ಈ ಲೇಖಕನ ದೃಷ್ಟಿಯಲ್ಲಿ ಅಪರಾಧವೇ. ಇಂದಿಗೂ ಹೊಸದಾಗಿ ಸಿಗುವ ಟಿ50ಆರ್‌ಪಿಗೆ ಕೊರೆದರೆ ಅಂಥ ನಷ್ಟವಿಲ್ಲ. ಇನ್ನೊಂದು ಮಾತು: ಬಿಚ್ಚಿದವನ ಕಿವಿಗೆ ತನ್ನ ಕೆಲಸ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಆದ್ದರಿಂದ ಜಾಣರು ಮೊದಲೂ ನಂತರವೂ ಸಣ್ಣ ಮೈಕ್ರೊಫೋನಿನಿಂದ ಅಳತೆ ಮಾಡಿ ಬರೆದಿಡುತ್ತಾರೆ.

ಹೀಗೆ ಜೇಡಿ ಮೆತ್ತುತ್ತ ಕೂತವರಲ್ಲಿ ಕೆಲವರ ಮೇಜು ಕಾರ್ಖಾನೆಯೇ ಆಯಿತು. ಅಮೆರಿಕದ ಡಾನ್ ಕ್ಲಾರ್ಕ್ ಟಿ50ಆರ್‌ಪಿಯನ್ನು ಮಾರ್ಪಡಿಸಿ 'ಮ್ಯಾಡ್ ಡಾಗ್' ಎಂಬ ಹೆಸರಿನಲ್ಲಿ ಮಾರಿದ; ಕೆಲವೇ ವರ್ಷಗಳಲ್ಲಿ ಪೊರೆ, ಬಟ್ಟಲು ಎಲ್ಲವೂ ತನ್ನದೇ ಆದ ಹೆಡ್‌ಫೋನ್‌ಗಳನ್ನು ತಯಾರಿಸತೊಡಗಿದ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಅಷ್ಟರಲ್ಲಿ ಅಗ್ಗವಾಗಿತ್ತು. ಹಳೆಯ ಫೆರೈಟಿಗಿಂತ ಎಷ್ಟೋ ಪಾಲು ಶಕ್ತಿಯ ಈ ಅಯಸ್ಕಾಂತ, ಒಮ್ಮೆ ವಾಕ್‌ಮನ್ ಎದುರು ಸೋತಿದ್ದ ಪೊರೆಗೆ ಹೊಸ ಬಲ ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಆರಂಭವಾದ ಆಡಿಜಿ ಕಂಪೆನಿಯೂ ಚೀನಾದ ಹೈಫೈಮ್ಯಾನ್ ಕಂಪೆನಿಯೂ ಪ್ಲೇನಾರ್ ಹೆಡ್‌ಫೋನ್‌ಗಳಿಂದಲೇ ಹೆಸರು ಮಾಡಿದವು.

2023ರಲ್ಲಿ ಆಡಿಜಿಯನ್ನು ಕೊಂಡುಕೊಂಡವರು ಯಾರು ಗೊತ್ತೇ? ಸೋನಿ ಬಳಗದ ಪ್ಲೇಸ್ಟೇಷನ್ ವಿಭಾಗ. ಈ ಪೊರೆಯನ್ನು ಮಾರುಕಟ್ಟೆಯಿಂದ ಓಡಿಸಿದವರ ಮನೆಯೇ ಅದಕ್ಕೆ ಆಶ್ರಯವಾಯಿತು! ಅದಕ್ಕೂ ಮುನ್ನ, 2022ರಲ್ಲಿ ಯಮಹಾ ತನ್ನ ಹಳೆಯ 'ಆರ್ಥೊಡೈನಮಿಕ್' ಹೆಸರನ್ನೇ ಎತ್ತಿಕೊಂಡು ವೈಎಚ್-5000ಎಸ್‌ಇ ಎಂಬ ಹೆಡ್‌ಫೋನನ್ನು ತಂದಿತು. ಬೆಲೆ ಸುಮಾರು 5,000 ಡಾಲರ್. ಅದನ್ನು ಕೊಳ್ಳಬಲ್ಲವರಿಗೆ ಹೊಸ ದಿಂಬಿನ ಚಿಂತೆಯಿಲ್ಲ. ಎಚ್‌ಪಿ-1 ಇಟ್ಟುಕೊಂಡವರು ಮಾತ್ರ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಕರಿಯ ಪುಡಿಯನ್ನು ಬ್ರಷ್ಷಿನಲ್ಲಿ ಗುಡಿಸಿ, ಫೋಮಿನ ಹಾಳೆಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸುತ್ತಿದ್ದಾರೆ.