ನೆಟ್ಟಗೆ ನಿಲ್ಲುವುದೂ ಒಂದು ಕೆಲಸ

ಮೇಜಿಗೆ ನಾಲ್ಕು ಕಾಲು, ಮನುಷ್ಯನಿಗೆ ಎರಡೇ. ನಮ್ಮ ಗುರುತ್ವ ಕೇಂದ್ರ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಎಳೆದ ಲಂಬರೇಖೆ ಪಾದಗಳ ನಡುವಿನ ಪುಟ್ಟ ಜಾಗದೊಳಗೇ ಬೀಳಬೇಕು. ಅಂಗೈಯ ಮೇಲೆ ನಿಲ್ಲಿಸಿದ ಕೋಲಿನಂತೆ ಇದು ಅಸ್ಥಿರ ಸಮತೋಲ. ಈ ಎತ್ತರವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಬರುತ್ತದೆ. ವಾಲಿಕೆ ಹೆಚ್ಚುವ ಕಾಲಮಾನ ಅಷ್ಟೇ! ಅದರೊಳಗೆ ಕಾಲಿನ ಸ್ನಾಯುಗಳು ದೇಹವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು.

ಸ್ನಾಯುಗಳಿಗೆ ಸುದ್ದಿ ತಲುಪಿಸುವವು ಕಣ್ಣು, ಒಳಕಿವಿ ಮತ್ತು ಪಾದ-ಕೀಲುಗಳ ನರಗಳು. ಈ ನರಗಳು ಕೆಟ್ಟ ರೋಗಿ ಕಣ್ಣು ಮುಚ್ಚಿದೊಡನೆ ಓಲಾಡುವುದನ್ನು 19ನೇ ಶತಮಾನದಲ್ಲಿ ಜರ್ಮನ್ ವೈದ್ಯ ಮೋರಿಟ್ಸ್ ರೋಂಬರ್ಗ್ ವಿವರಿಸಿದ. ಆ ಪರೀಕ್ಷೆಗೆ ಇಂದಿಗೂ ಅವನದೇ ಹೆಸರು.

ಆದರೂ ಮುದುಕರು ಬೀಳುವುದು ಸಹಜವೆಂದೇ ಜನ ನಂಬಿದ್ದರು. ಇಂಗ್ಲೆಂಡಿನ ವೈದ್ಯ ಜೆ. ಎಚ್. ಶೆಲ್ಡನ್ 1960ರಲ್ಲಿ ಇಂತಹ 500 ಬೀಳುವಿಕೆಗಳನ್ನು ವಿಂಗಡಿಸಿ ಕಾರಣಗಳನ್ನು ಹುಡುಕಿದರು. ಬೀಳುವಿಕೆ ಹಣೆಬರಹವಾಗದೆ ಅಧ್ಯಯನದ ವಸ್ತುವಾಯಿತು.

ಹಾಗಾದರೆ ಕುಂದಿದ ಸ್ನಾಯು ಮತ್ತೆ ಬಲಗೊಂಡೀತೆ? 1990ರಲ್ಲಿ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಸರಾಸರಿ 90 ವರ್ಷದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತರಬೇತಿ ಮುಗಿಸಿದ ಒಂಬತ್ತು ಮಂದಿಯ ಸ್ನಾಯುಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಆದರೆ ಇದು ಚಿಕ್ಕ ಪ್ರಯೋಗ. ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ.

ಹೋಲಿಕೆಯ ಗುಂಪಿದ್ದ ಪ್ರಯೋಗವೊಂದು ನಡೆದದ್ದು ನ್ಯೂಜಿಲೆಂಡಿನಲ್ಲಿ. ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ತಂಡ 80 ದಾಟಿದ 233 ಮಹಿಳೆಯರನ್ನು ಎರಡು ಗುಂಪಾಗಿಸಿತು. ಒಂದು ಗುಂಪಿನವರಿಗೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ ಕಾಲಿನ ಬಲ ಮತ್ತು ಸಮತೋಲದ ವ್ಯಾಯಾಮ ಕಲಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶವಿದು: ಒಂದು ವರ್ಷದಲ್ಲಿ ವ್ಯಾಯಾಮದ ಗುಂಪಿನಲ್ಲಿ 88 ಬೀಳುವಿಕೆ, ಇನ್ನೊಂದರಲ್ಲಿ 152. ಮುಂದೆ 2019ರ ಕಾಕ್ರೇನ್ ಸಮೀಕ್ಷೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿತು. ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ. 23ರಷ್ಟು ತಗ್ಗುತ್ತದೆಂದು ಅದು ತೋರಿಸಿತು.

ವ್ಯಾಯಾಮ ಬೀಳುವಿಕೆಯನ್ನು ಪೂರ್ತಿ ಇಲ್ಲವಾಗಿಸದು. ದೃಷ್ಟಿ, ಔಷಧಿ, ಒದ್ದೆ ನೆಲ ಇವೂ ಕಾರಣಗಳೇ. ಆದರೆ ಹಿರಿಯರಿಗೆ "ಏಳಬೇಡಿ, ಕೂತೇ ಇರಿ" ಎನ್ನುವ ನಮ್ಮ ಪ್ರೀತಿಯ ಮಾತನ್ನು ಈ ಇತಿಹಾಸ ಪ್ರಶ್ನಿಸುತ್ತದೆ. ಬಳಸದ ಸ್ನಾಯು ಕುಂದುತ್ತದೆ. ಕುಂದಿದ ಸ್ನಾಯು ಆ ಮೂರನೆಯ ಒಂದು ಸೆಕೆಂಡಿನಲ್ಲಿ ನೆರವಿಗೆ ಬಾರದು. ವೈದ್ಯರನ್ನು ಕೇಳಿ, ಆಸರೆ ಹಿಡಿದು, ಕುರ್ಚಿಯಿಂದ ಎದ್ದು ಕೂರುವಷ್ಟರಿಂದಲೇ ಆರಂಭಿಸಬಹುದು.