ಸೈಟು ಆಗುವ ಮುಂಚೆ ಒಂದು ಅಗಳು

ಉಜಿರೆ ಪೇಟೆ ಗದ್ದೆಗೂ ಇಳಿದಿದೆ, ಗುಡ್ಡೆಗೂ ಹತ್ತಿದೆ. ಜಾಗ ಕನ್ವರ್ಷನ್ ಆಯಿತೆಂದರೆ ಜೆಸಿಬಿ ಬಂತೆಂದೇ ಲೆಕ್ಕ. ಒಂದೆರಡು ದಿನದಲ್ಲಿ ಗುಡ್ಡೆ ಮಟ್ಟಸವಾಗುತ್ತದೆ, ಮಣ್ಣು ಲಾರಿ ಹತ್ತಿ ಹೋಗುತ್ತದೆ. ಆ ಮಣ್ಣಿನಲ್ಲಿ ಏನಿತ್ತೆಂದು ಮೊದಲೇ ನೋಡುವ ಕ್ರಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆ ಇನ್ನೂ ಬೇರೂರಿಲ್ಲ.

ಏನಿರಬಹುದು ಎಂಬುದಕ್ಕೆ ಮೂಡುಬಿದಿರೆ ಸಮೀಪದ ಮೂಡುಕೊಣಾಜೆಯೇ ಉತ್ತರ. ಅಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳನ್ನು, ಎಂದರೆ ಕಲ್ಗೋರಿಗಳನ್ನು, 1980ರ ದಶಕದಲ್ಲಿ ಇತಿಹಾಸಕಾರ ಪುಂಡಿಕಾಯಿ ಗಣಪಯ್ಯ ಭಟ್ಟರು ಬೆಳಕಿಗೆ ತಂದರು. ನಿಲ್ಲಿಸಿದ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಂಥವನ್ನು ನಮ್ಮ ಜನ ಪಾಂಡವರ ಮನೆ, ಮೋರಿಯರ ಮನೆ ಎಂದು ಕರೆಯುತ್ತಾ ಬಂದಿದ್ದಾರೆ. 2023ರಲ್ಲಿ ಶಿರ್ವದ ಪುರಾತತ್ವಜ್ಞ ಟಿ. ಮುರುಗೇಶಿ ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳನ್ನು ಗುರುತಿಸಿದರು. ಒಂದಕ್ಕೆ ಮನುಷ್ಯನ ಮೈ, ಗೂಳಿಯ ತಲೆ. ಎತ್ತರ ಸುಮಾರು 9 ಸೆಂ.ಮೀ., ಅಂಗೈಯಲ್ಲಿ ಹಿಡಿಸುವಷ್ಟು. ನವಿಲು, ಕುದುರೆ, ಮಾತೃದೇವತೆಯೂ ಜೊತೆಗಿದ್ದವು. ಆದರೆ ಅಲ್ಲಿದ್ದ ಒಂಬತ್ತು ಕಲ್ಮನೆಗಳಲ್ಲಿ ಆ ಹೊತ್ತಿಗೆ ಗಟ್ಟಿಯಾಗಿ ಉಳಿದಿದ್ದವು ಎರಡೇ. ಅಷ್ಟು ಚಿಕ್ಕ ಗೊಂಬೆ ಜೆಸಿಬಿಯ ಬಕೆಟ್ಟಿಗೆ ಸಿಕ್ಕಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕರ್ನಾಟಕದಲ್ಲಿ ಅಗೆತಕ್ಕೆ ಶಾಸ್ತ್ರದ ಶಿಸ್ತು ಬಂದದ್ದು ಬಯಲುಸೀಮೆಯಲ್ಲಿ. ಚಿತ್ರದುರ್ಗದ ಕಡೆಯ ಚಂದ್ರವಳ್ಳಿ, ಬ್ರಹ್ಮಗಿರಿಗಳಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅಗೆಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಳತೆಯ ಅಗಳು ತೋಡಿ, ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಕಲ್ಗೋರಿಗಳ ಕಾಲವನ್ನು ಶಾತವಾಹನರ ಕಾಲಕ್ಕೆ ಜೋಡಿಸಿ ತೋರಿಸಿದರು. ತುಳುನಾಡಿನ ಹಾದಿ ಬೇರೆ: ಇಲ್ಲಿ ಕೆಲಸ ನಡೆದದ್ದು ಹೆಚ್ಚಾಗಿ ಕಾಲ್ನಡಿಗೆಯಲ್ಲಿ. ಊರೂರು ಸುತ್ತಿದ ಇತಿಹಾಸಕಾರ ಪಿ. ಗುರುರಾಜ ಭಟ್ಟರ ದೊಡ್ಡ ಗ್ರಂಥ 1975ರಲ್ಲಿ ಬಂತು. ಅದು ದೇವಸ್ಥಾನ, ಶಾಸನ, ವಿಗ್ರಹಗಳ ಅಕ್ಷಯ ಭಂಡಾರ. ನೆಲದ ಮೇಲಿನದು ಇಷ್ಟು ಚೆನ್ನಾಗಿ ದಾಖಲಾದ ನಾಡಿನಲ್ಲಿ ನೆಲದಡಿಯ ಲೆಕ್ಕ ಮಾತ್ರ ಬಡವಾಗಿದೆ.

ಕಾಮಗಾರಿಗೆ ಮುಂಚಿನ ಅಗೆತವೂ ಭಾರತಕ್ಕೆ ಹೊಸದಲ್ಲ. ಜಲಾಶಯದಲ್ಲಿ ಮುಳುಗಲಿದ್ದ ಆಂಧ್ರದ ನಾಗಾರ್ಜುನಕೊಂಡವನ್ನು 1954ರಿಂದ 1960ರವರೆಗೆ ಅಗೆದರು. ಅಣೆಕಟ್ಟೆಗೆ ಸಿಕ್ಕ ಆ ಕಾಳಜಿ ಮನೆ ಸೈಟಿಗೆ ಸಿಗಲಿಲ್ಲ. ಇಂಗ್ಲೆಂಡಿನಲ್ಲಿ 1990ರ ಸರ್ಕಾರಿ ಮಾರ್ಗಸೂಚಿ ಅದನ್ನೇ ನಿಯಮಕ್ಕೆ ತಂದಿತು: ನೆಲದಡಿ ಹಳೆಯದೇನಾದರೂ ಇರಬಹುದೆಂದು ಕಂಡ ಕಡೆ, ಮನೆ ಕಟ್ಟುವವನೇ ಖರ್ಚು ಹಾಕಿ, ಅನುಮತಿಗೆ ಮುಂಚೆ ಹೊಲದಲ್ಲಿ ಪರೀಕ್ಷಾ ಅಗಳು ತೋಡಿಸುವಂತೆ ಕೇಳಬಹುದು. ಫ್ರಾನ್ಸ್ 2001ರಲ್ಲಿ ಇದಕ್ಕೆ ಕಾನೂನನ್ನೇ ಮಾಡಿತು. ಅಲ್ಲಿ ಸಾಮಾನ್ಯವಾಗಿ ಜಾಗದ ಶೇ 5ರಿಂದ 10ರಷ್ಟನ್ನು ಮಾತ್ರ ತೆರೆದು ನೋಡುತ್ತಾರೆ. ಹಲ್ಲಿಲ್ಲದ ಬಕೆಟ್ಟಿನಿಂದ ಮೇಲ್ಮಣ್ಣನ್ನು ತೆಳುವಾಗಿ ಹೆರೆದರೆ ಹಳೆಯ ಗುಂಡಿ, ಕಂಬದ ಕುಳಿ, ಒಲೆಯ ಜಾಗ ಬೇರೆ ಬಣ್ಣದಲ್ಲಿ ಕಾಣುತ್ತವೆ. ಏನೂ ಇಲ್ಲದಿದ್ದರೆ ಮುಚ್ಚಿ ಕೆಲಸಕ್ಕೆ ಬಿಡುತ್ತಾರೆ.

ನಮ್ಮಲ್ಲಿ ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿಯಂತೆ, ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಪಟ್ಟಿಯಲ್ಲೇ ಇಲ್ಲದ ಗುಡ್ಡೆಗೆ ಅದರಿಂದ ಏನೂ ಪ್ರಯೋಜನವಿಲ್ಲ. ಜೊತೆಗೆ, ಏನಾದರೂ ಸಿಕ್ಕಿತೆಂದು ಹೇಳಿದರೆ ಜಾಗವೇ ಹೋದೀತೆಂಬ ಹೆದರಿಕೆ. ಹಾಗಾಗಿ ಸಿಕ್ಕಿದ್ದನ್ನು ಮತ್ತೆ ಮುಚ್ಚುವವರೇ ಹೆಚ್ಚು. ಅವರನ್ನು ದೂರಿ ಫಲವಿಲ್ಲ, ಹೆದರಿಕೆ ತೆಗೆಯಬೇಕಾದದ್ದು ಸರ್ಕಾರ.

ಕರಾವಳಿಯ ಮಣ್ಣಿಗೆ ಅದರದೇ ಕಷ್ಟವಿದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ, ಹುಳಿ ಗುಣದ ಕೆಂಪು ಮಣ್ಣು. ಮೂಳೆ ಕರಗುತ್ತದೆ, ಮಡಕೆ ಚೂರು ಮತ್ತು ಕಲ್ಲು ಉಳಿಯುತ್ತವೆ. ಮುರಕಲ್ಲಿನಲ್ಲಿ ಕೊರೆದ ಗುಹಾಸಮಾಧಿಗಳಂತೂ ಮೇಲಿನಿಂದ ಕಾಣುವುದೇ ಇಲ್ಲ. ಕಲ್ಲಿನ ಕೋರೆ ತೆಗೆಯುವಾಗಲೋ ಪಾಯ ತೋಡುವಾಗಲೋ ಬಾಯಿ ತೆರೆಯುತ್ತವೆ, ಆಗ ತಡವಾಗಿರುತ್ತದೆ.

ದಾರಿ ಮಾತ್ರ ಕಣ್ಣೆದುರೇ ಇದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಂ ಪ್ರಕಾರ ಕೃಷಿಭೂಮಿ ಪರಿವರ್ತನೆಗೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಒಂದೆರಡು ಸೆಂಟ್ಸಿನ ಬಡವನ ಮನೆಯನ್ನು ಬಿಟ್ಟು, ಎಕರೆಗಟ್ಟಲೆ ಲೇಔಟುಗಳಿಗೆ ಮಾತ್ರ ಆ ಹಂತದಲ್ಲೇ ಪರೀಕ್ಷಾ ಅಗಳಿನ ಷರತ್ತು ಹಾಕಬಹುದು. ಪಾದೆ, ಗುಡ್ಡೆ, ಹಳೇ ದೈವಸ್ಥಾನದ ಆಸುಪಾಸಿನ ಜಾಗಗಳಿಂದ ಶುರು ಮಾಡಿದರೆ ಸಾಕು. ಜೆಸಿಬಿ ಹೇಗೂ ಬರುತ್ತದೆ. ಅದು ಮೊದಲ ದಿನ ತೋಡುವ ಅಗಳಿನ ಪಕ್ಕ ನೆಲ ಓದಬಲ್ಲ ಒಬ್ಬರು ನಿಲ್ಲಬೇಕು.